ನೀಲಿ ದೀಪದ ಹಿಂದಿನ ತಂತಿ

ಹಳೇ ಹಾಯಿದೋಣಿಯ ಕ್ಯಾಬಿನ್‌ಗೆ ಇಳಿದರೆ, ಮೆಟ್ಟಿಲ ಪಕ್ಕದಲ್ಲೋ ನಕ್ಷೆ ಹರಡುವ ಮೇಜಿನ ಹತ್ತಿರವೋ ಹೆಬ್ಬೆರಳು ತೂರುವಷ್ಟು ಅಗಲದ ಒಂದು ದುಂಡನೆಯ ತೂತು ಕಾಣುತ್ತೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸಿಗರೇಟ್ ಹಚ್ಚೋಕೆ ಅಂತ ಇರ್ತಿತ್ತಲ್ಲ, ಅದೇ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬರ್ಕ್ಲಿ ಬಂದರಿನಲ್ಲಿ ಕಟ್ಟಿರುವ ನಮ್ಮ 27 ಅಡಿ ದೋಣಿಯಲ್ಲಿ ಅಂಥವು ಮೂರಿದ್ದವು. ‘ನಮ್ಮ’ ಅಂದ್ರೆ ನನ್ನದು ಮತ್ತು ಉಡುಪಿ ಕಡೆಯ ನನ್ನ ಸಹೋದ್ಯೋಗಿಯದು, ಅರ್ಧರ್ಧ. ದೋಣಿ 1979ರದು, ನಮ್ಮಿಬ್ಬರಿಗಿಂತ ಹಿರಿಯದು. ಮೊದಲ ದಿನ ಅವನು ಆ ತೂತಿನ ಮುಚ್ಚಳ ತೆಗೆದು ಬಗ್ಗಿ ನೋಡಿ, “ಎಂತ ಮಾರಾಯ, ಬೀಡಿ ಹಚ್ಚುದಕ್ಕೆ ಒಂದಲ್ಲ, ಮೂರು ಮೂರು ಜಾಗ ಉಂಟಲ್ಲ!” ಅಂದ.

ನಕ್ಕೆವು. ಆಮೇಲೆ ಸುಮಾರು ಎರಡು ವರ್ಷ ಆ ತೂತುಗಳು ನಮ್ಮನ್ನ ಆಟ ಆಡಿಸಿದವು. ಸಿನಿಮಾ, ಹೋಟೆಲು, ಫೋನು ಎಲ್ಲದಕ್ಕೂ ವಿಮರ್ಶೆ ಬರೆಯೋ ಕಾಲದಲ್ಲಿ ಒಂದು ಸಾಕೆಟ್ಟಿನ ಬಗ್ಗೆ ಬರೆದರೆ ತಪ್ಪಿಲ್ಲ ಅನ್ನೋ ಧೈರ್ಯದ ಮೇಲೆ ಇದನ್ನ ಬರೀತಿದೀನಿ.

ಶುರುವಾಗಿದ್ದು ಒಂದು ಆಗಸ್ಟ್ ಸಂಜೆ, ಏಂಜಲ್ ದ್ವೀಪದಿಂದ ವಾಪಸ್ ಬರುವಾಗ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಳಗಿಂದ ಗಾಳಿ ನುಗ್ಗಿ ಬರುತ್ತೆ, ಅದರ ಹಿಂದೆಯೇ ಮಂಜು. ಅವತ್ತು ಅರ್ಧ ದಾರಿಯಲ್ಲಿ ಮಂಜು ನಮ್ಮನ್ನ ಹಿಡೀತು. ನಕ್ಷೆ ಇದ್ದದ್ದು ಫೋನಿನಲ್ಲಿ. ಫೋನಿನಲ್ಲಿ ಚಾರ್ಜ್ 9 ಪರ್ಸೆಂಟ್. ಫೋನನ್ನ ಆ ತೂತಿಗೆ ಸಿಕ್ಕಿಸಿದ್ವಿ. ಪ್ರತಿ ಅಲೆಗೂ ದೋಣಿ ಧಪ್ ಅಂತ ಬಿದ್ದಾಗ ಪ್ಲಗ್ ಒಂದು ಕೂದಲೆಳೆಯಷ್ಟು ಹೊರಗೆ ಜಾರೋದು, ಚಾರ್ಜಿಂಗ್ ನಿಲ್ಲೋದು. ಒಬ್ಬ ಚುಕ್ಕಾಣಿ ಹಿಡಿದರೆ ಇನ್ನೊಬ್ಬ ಪ್ಲಗ್ಗನ್ನ ಅಂಗೈಯಿಂದ ಒತ್ತಿಹಿಡಿದು ಕೂರಬೇಕು. ಎಲ್ಲೋ ಹತ್ತಿರದಲ್ಲಿ ಹಡಗಿನ ಹಾರ್ನ್ ಕೇಳಿಸ್ತಿತ್ತು, ಯಾವ ದಿಕ್ಕು ಅಂತ ಗೊತ್ತಾಗ್ತಿರಲಿಲ್ಲ. ಓಕ್‌ಲ್ಯಾಂಡ್ ಬಂದರಿಗೆ ಹೋಗುವ ಕಂಟೇನರ್ ಹಡಗುಗಳು ಓಡಾಡೋ ನೀರು ಅದು. ಫೋನ್ ಕೊನೆಗೂ ಸತ್ತಿತು. ದಿಕ್ಸೂಚಿ ಮತ್ತೆ ಒದ್ದೆಯಾದ ಒಂದು ಕಾಗದದ ನಕ್ಷೆ ನಮ್ಮನ್ನ ದಡ ಸೇರಿಸಿದವು. ಕಟ್ಟೆಗೆ ಹಗ್ಗ ಕಟ್ಟಿ ಒಳಗೆ ಬಂದು ಪ್ಲಗ್ ಮುಟ್ಟಿದೆ. ಕೈ ಸುಟ್ಟಿತು. ಅದರ ತುದಿಯ ಪ್ಲಾಸ್ಟಿಕ್ ಮೆತ್ತಗಾಗಿ ಓರೆಯಾಗಿತ್ತು.

ಈ ಸಾಕೆಟ್ಟಿನ ಮೇಲೆ ನನ್ನ ಮೊದಲ ಆಕ್ಷೇಪಣೆ ಅದರ ಹುಟ್ಟಿನದ್ದೇ. ಅದು ವಿದ್ಯುತ್ ಕೊಡೋಕೆ ಹುಟ್ಟಿದ್ದಲ್ಲ. ಲೈಟರ್ ಒಳಗೆ ಒಂದು ಸುರುಳಿ ತಂತಿ. ಒತ್ತಿದರೆ ಸಾಕೆಟ್ಟಿನ ತಳದಲ್ಲಿರುವ ಎರಡು ಲೋಹದ ಪಟ್ಟಿಗಳು ಅದನ್ನ ಕಚ್ಚಿ ಹಿಡೀತವೆ. ಸುರುಳಿ ಕೆಂಪಗೆ ಕಾದಾಗ ಆ ಬಿಸಿಗೆ ಪಟ್ಟಿಗಳು ಅಗಲಿ, ಸ್ಪ್ರಿಂಗ್ ಲೈಟರನ್ನ ಟಕ್ ಅಂತ ಹೊರಗೆ ತಳ್ಳುತ್ತೆ. ಸಿಗರೇಟ್ ಹಚ್ಚೋನಿಗೆ ಇದು ಜಾಣ ವಿನ್ಯಾಸ. ಅಂದ್ರೆ ಬಿಸಿಯಾದದ್ದನ್ನ ಉಗುಳೋದೇ ಇದರ ಕಸುಬು. ನಾವು ಅದರೊಳಗೆ ತೂರಿಸೋ ಚಾರ್ಜರ್ ಪ್ಲಗ್ಗಿನ ಮೂತಿಯಲ್ಲೂ ಒಂದು ಸ್ಪ್ರಿಂಗ್ ಇದೆ, ಅದೂ ಪ್ಲಗ್ಗನ್ನ ಹೊರಗೇ ತಳ್ಳುತ್ತೆ. ಹಿಡಿದಿಡೋಕೆ ಇರೋದು ಅಕ್ಕಪಕ್ಕದ ಎರಡು ತೆಳು ಪಟ್ಟಿಗಳ ಉಜ್ಜಾಟ ಮಾತ್ರ. ಬೀಗ ಇಲ್ಲ, ತಿರುಪು ಇಲ್ಲ. ನೀರಿನ ಮೇಲೆ ಕುಲುಕಾಡೋ ದೋಣಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಹುಡುಕೋದು ಕಷ್ಟ.

ಹಾಗಾದ್ರೆ ಇದು ದೋಣಿಗೆ ಯಾಕೆ ಬಂತು? ಕಾರಿನಲ್ಲಿತ್ತು ಅಂತ ಬಂತು. 1920ರ ದಶಕದಿಂದ ಅಮೆರಿಕದ ಕಾರುಗಳಲ್ಲಿ ಲೈಟರ್ ಕಾಣಿಸಿಕೊಳ್ತು, 50ರ ದಶಕದಲ್ಲಿ ಕಾರುಗಳು 6 ವೋಲ್ಟಿಂದ 12 ವೋಲ್ಟಿಗೆ ಬದಲಾದವು, ಆಮೇಲೆ ಸ್ಪಾಟ್‌ಲೈಟು, ಕಾರ್ ಫೋನು, ಜಿಪಿಎಸ್ಸು ಮಾರೋರೆಲ್ಲ ಸಿಕ್ಕ ತೂತಿಗೇ ತಮ್ಮ ಪ್ಲಗ್ ತಯಾರಿಸಿದರು. ಯಾರೂ ಕೂತು ಯೋಚಿಸಿ ಮಾಡಿದ ಆಯ್ಕೆ ಅಲ್ಲ. ಇದಕ್ಕಿಂತ ಒಳ್ಳೆಯದು ಇಲ್ಲ ಅಂತಲೂ ಅಲ್ಲ. ಯುರೋಪಿನ ಬಿಎಂಡಬ್ಲ್ಯೂ ಬೈಕುಗಳಲ್ಲಿ, ಟ್ರಾಕ್ಟರುಗಳಲ್ಲಿ ಬೆರಳ ಗಾತ್ರದ ಚಿಕ್ಕ ಸಾಕೆಟ್ ಇದೆ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಹ್ಯಾಮ್ ರೇಡಿಯೋದವರು ಆಂಡರ್ಸನ್ ಪವರ್‌ಪೋಲ್ ಅನ್ನೋ ಕನೆಕ್ಟರನ್ನ ತಮ್ಮೊಳಗೆ ಒಪ್ಪಿಕೊಂಡಿದ್ದಾರೆ. ಆದ್ರೆ ದಡದ ಅಂಗಡಿಗೆ ಹೋಗಿ ಸರ್ಚ್‌ಲೈಟ್ ಕೇಳಿದರೆ ಅದರ ಬಾಲದಲ್ಲಿ ಇರೋದು ಇದೇ ಸಿಗರೇಟ್ ಪ್ಲಗ್.

ಸರಿ, ಬದಲಾಯಿಸೋಣ ಅಂದ್ಕೊಂಡ್ವಿ. ಇಬ್ಬರೂ ಸಾಫ್ಟ್‌ವೇರ್‌ನವರು, ‘ಅಪ್‌ಗ್ರೇಡ್’ ಅನ್ನೋ ಪದ ಕೇಳಿದರೆ ಕೈ ಕಡಿಯುತ್ತೆ. ಮೂರು ಹೊಸ ಪ್ಯಾನೆಲ್ ತರಿಸಿದ್ವಿ. ಪ್ರತಿಯೊಂದರಲ್ಲೂ ಎರಡು ಯುಎಸ್‌ಬಿ, ಒಂದು ಹಳೇ ಥರದ ಸಾಕೆಟ್, ನಡುವೆ ನೀಲಿ ಅಂಕಿಗಳಲ್ಲಿ ವೋಲ್ಟ್ ತೋರಿಸೋ ಪುಟ್ಟ ಪರದೆ. ಹಳೇದು ಬಿಚ್ಚಿ, ಅದರ ಹಿಂದೆ ಇದ್ದ ಎರಡು ತಂತಿಗಳನ್ನ ಹೊಸದಕ್ಕೆ ಸಿಕ್ಕಿಸಿ, ನಾಲ್ಕು ಸ್ಕ್ರೂ ಬಿಗಿದರೆ ಮುಗೀತು. ಒಂದು ಗಂಟೆಯ ಕೆಲಸ. ಕತ್ತಲಾದ ಮೇಲೆ ಕ್ಯಾಬಿನ್ ಪೂರ್ತಿ ನೀಲಿ ಬೆಳಕು, ವಿಮಾನದ ಕಾಕ್‌ಪಿಟ್ಟಿನ ಹಾಗೆ. ಪರದೆ 12.6 ಅಂತ ತೋರಿಸ್ತಿತ್ತು. ಲ್ಯಾಪ್‌ಟಾಪಿನ ಕಾರ್ ಚಾರ್ಜರ್ ಸಿಕ್ಕಿಸಿದೆ. ಅಂಕಿ 10.9ಕ್ಕೆ ಇಳೀತು. ನಾವೇನು ಮಾಡಿದ್ವಿ? ಫೋಟೋ ತಗೊಂಡು ಮನೆಗೆ ಕಳಿಸಿದ್ವಿ. ಆ ಪ್ಯಾನೆಲ್ ಜೀವಮಾನದಲ್ಲಿ ಹೇಳಿದ ಒಂದೇ ಒಂದು ಉಪಯುಕ್ತ ಮಾತು ಅದು. ನಾವು ಅದನ್ನ ಅಲಂಕಾರ ಅಂತ ತಿಳಿದುಕೊಂಡ್ವಿ.

ಆ 10.9 ಏನು ಹೇಳ್ತಿತ್ತು ಅನ್ನೋದಕ್ಕೆ ಬೆಂಗಳೂರಿನ ಮನೆಯ ಯುಪಿಎಸ್ ನೆನಪಿಸಿಕೊಳ್ಳಿ. ಗೋಡೆಯಿಂದ ಯುಪಿಎಸ್ಸಿಗೆ ಬರೋದು ಸಾಧಾರಣ ವೈರು. ಯುಪಿಎಸ್ಸಿಂದ ಬ್ಯಾಟರಿಗೆ ಹೋಗೋದು ಕಿರುಬೆರಳು ದಪ್ಪದ ಕೇಬಲ್ಲು. ಅದೇ ಫ್ಯಾನು, ಅದೇ ಟ್ಯೂಬ್‌ಲೈಟು, ಅದೇ ವ್ಯಾಟು. ಆದರೂ ದಪ್ಪ ಯಾಕೆ? ವೋಲ್ಟ್ ಕಮ್ಮಿಯಾದಷ್ಟೂ ಅದೇ ಕೆಲಸಕ್ಕೆ ಆಂಪ್ ಜಾಸ್ತಿ ಬೇಕು. 65 ವ್ಯಾಟಿನ ಲ್ಯಾಪ್‌ಟಾಪ್ 230 ವೋಲ್ಟಿನಲ್ಲಿ ಕಾಲು ಆಂಪ್ ಚಿಲ್ಲರೆ ಎಳೆದರೆ, 12 ವೋಲ್ಟಿನಲ್ಲಿ ಐದೂವರೆ. ತಂತಿಯಲ್ಲಿ ಬಿಸಿಯಾಗಿ ಪೋಲಾಗೋದು ಆಂಪಿನ ವರ್ಗದ ಲೆಕ್ಕದಲ್ಲಿ, ಅಂದ್ರೆ ಅದೇ ತಂತಿಯಲ್ಲಿ ಸುಮಾರು 370 ಪಟ್ಟು. ಸಾಲದ್ದಕ್ಕೆ ಇಂದಿನ ಚಾರ್ಜರುಗಳಿಗೆ ಇನ್ನೊಂದು ಗುಣ: ವೋಲ್ಟ್ ಇಳಿದರೆ ಸುಮ್ಮನಿರಲ್ಲ, ತಮ್ಮ 65 ವ್ಯಾಟ್ ಪೂರೈಸೋಕೆ ಇನ್ನೂ ಹೆಚ್ಚು ಆಂಪ್ ಎಳೀತವೆ. ತಂತಿ ಸೋತಷ್ಟೂ ಅದರ ಮೇಲೆ ಹೊರೆ ಜಾಸ್ತಿ. ಹಳೇ ಬಲ್ಬ್ ಹಾಗಲ್ಲ, ವೋಲ್ಟ್ ಇಳಿದರೆ ಮಂಕಾಗಿ ಸುಮ್ಮನೆ ಉರೀತಿತ್ತು. 1979ರಲ್ಲಿ ದೋಣಿಗೆ ತಂತಿ ಎಳೆದವರು ಲೆಕ್ಕ ಹಾಕಿದ್ದು ಆ ಬಲ್ಬಿಗೆ.

ಮುಂದಿನ ಸೂಚನೆ ರೇಡಿಯೋದಿಂದ ಬಂತು. ದೋಣಿಯ ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್ಲಿನಲ್ಲಿ ಇಟ್ಟಿರಬೇಕು, ಅಪಾಯದ ಕರೆ ಬರೋದು ಅಲ್ಲೇ. ಹೊಸ ಪ್ಯಾನೆಲ್ ಬಂದ ಮೇಲೆ ಅದರಲ್ಲಿ ಗೊರಗೊರ ಜಾಸ್ತಿಯಾಗಿತ್ತು. ಗೊರಗೊರ ಅಡಗಿಸೋಕೆ ಒಂದು ಗುಂಡಿ ಇದೆ, ತಿರುಗಿಸಿದ್ವಿ, ನಿಂತಿತು. ಸಮಸ್ಯೆ ಏನಂದ್ರೆ ಆ ಗುಂಡಿಯನ್ನ ಹೆಚ್ಚು ತಿರುಗಿಸಿದಷ್ಟೂ ದೂರದ ಕ್ಷೀಣ ದನಿಗಳೂ ಅಡಗಿಹೋಗ್ತವೆ. 12 ವೋಲ್ಟನ್ನ 5 ವೋಲ್ಟಿಗೆ ಇಳಿಸೋ ಅಗ್ಗದ ಸರ್ಕ್ಯೂಟು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗ್ತಾ ರೇಡಿಯೋ ಕದಡುತ್ತೆ. 2018ರ ಆಗಸ್ಟಿನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಎಲ್‌ಇಡಿ ದೀಪಗಳ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತ್ತು: ಕೆಲವು ದೀಪಗಳು ವಿಎಚ್‌ಎಫ್ ರೇಡಿಯೋಗೂ, ಹಡಗುಗಳು ಪರಸ್ಪರ ತಮ್ಮ ಜಾಗ ತಿಳಿಸೋ ಎಐಎಸ್ಸಿಗೂ ಅಡ್ಡಿ ಮಾಡ್ತವೆ ಅಂತ. ಪರೀಕ್ಷೆಯೂ ಸುಲಭದ್ದು. ದೀಪ ಆರಿಸಿ, ಸದ್ದಿಲ್ಲದ ಚಾನೆಲ್ಲಿಗೆ ಹೋಗಿ, ಗೊರಗೊರ ಇನ್ನೇನು ನಿಲ್ಲೋ ಜಾಗಕ್ಕೆ ಗುಂಡಿ ತಂದಿಟ್ಟು, ಆಮೇಲೆ ದೀಪ ಹಾಕಿ. ಗೊರಗೊರ ಮತ್ತೆ ಶುರುವಾದ್ರೆ ಕಳ್ಳ ಸಿಕ್ಕಿಬಿದ್ದ. ಚಾರ್ಜರಿಗೂ ಇದೇ ಪರೀಕ್ಷೆ ನಡೆಯುತ್ತೆ. ನಮ್ಮ ಮೂರು ಪ್ಯಾನೆಲ್ಲುಗಳಲ್ಲಿ ಮೂರೂ ಕಳ್ಳರೇ. ಮಂಜಿನಲ್ಲಿ ನಮಗೆ ಕಣ್ಣಾಗಲಿ ಅಂತ ಹಾಕಿಸಿದ ವಸ್ತು ನಮ್ಮ ಕಿವಿ ಕಿತ್ತುಕೊಂಡಿತ್ತು.

ಆದ್ರೂ ತೆಗೀಲಿಲ್ಲ. ಸೋಮಾರಿತನ, ಮತ್ತೆ ಆ ನೀಲಿ ಬೆಳಕಿನ ಮೋಹ.

ಡಿಸೆಂಬರಿನಲ್ಲಿ ನಾನು ಆರು ವಾರ ಬೆಂಗಳೂರಿಗೆ ಬಂದಿದ್ದೆ. ಅವನೂ ಊರಲ್ಲಿರಲಿಲ್ಲ. ದೋಣಿಯ ಮೇನ್ ಸ್ವಿಚ್ ಆಫ್ ಮಾಡಿ, ದಡದ ಕರೆಂಟಿನ ಕೇಬಲ್ ಕಿತ್ತಿಟ್ಟು ಹೋಗಿದ್ವಿ. ವಾಪಸ್ ಬಂದು ಕ್ಯಾಬಿನ್ ಬಾಗಿಲು ತೆಗೆದರೆ ನೀಲಿ ಬೆಳಕಿಲ್ಲ, ಯಾವ ಬೆಳಕೂ ಇಲ್ಲ. ನೆಲದ ಹಲಗೆ ಎತ್ತಿದೆ. ತಳದಲ್ಲಿ ನೀರು, ಹಲಗೆಗೆ ನಾಲ್ಕು ಬೆರಳು ಕೆಳಗೆ. ಚಳಿಗಾಲದ ಮಳೆ ಮತ್ತು ಪ್ರೊಪೆಲ್ಲರ್ ದಂಡದ ಪಕ್ಕದಿಂದ ಸದಾ ತೊಟ್ಟಿಕ್ಕೋ ನೀರು, ಎರಡೂ ಸೇರಿ. ಆ ನೀರನ್ನ ಹೊರಗೆ ಎಸೆಯೋಕೆ ಒಂದು ಪಂಪಿದೆ. ಮೇನ್ ಸ್ವಿಚ್ ಆಫ್ ಇದ್ದರೂ ಓಡಲಿ ಅಂತ ಅದನ್ನ ಬ್ಯಾಟರಿಗೆ ನೇರವಾಗಿ ಜೋಡಿಸಿರ್ತಾರೆ. ಅದು ಸರಿಯಾದ ಕ್ರಮವೇ. ಆದರೆ ಬ್ಯಾಟರಿಯೇ ಸತ್ತಿದ್ದರೆ?

ಬ್ಯಾಟರಿ ಕೊಂದದ್ದು ನೀಲಿ ಅಂಕಿಗಳು. ನಮಗಿಂತ ಮುಂಚಿನ ಯಾರೋ ಮಾಲೀಕ ಆ ಮೂರು ಸಾಕೆಟ್ಟುಗಳ ತಂತಿಯನ್ನ ಸ್ವಿಚ್ಚಿನ ಗೊಡವೆಯೇ ಬೇಡ ಅಂತ ಬ್ಯಾಟರಿಗೇ ಕಟ್ಟಿದ್ದ. ಹಳೇ ಸಾಕೆಟ್ ಇದ್ದಾಗ ಇದರಿಂದ ಬ್ಯಾಟರಿಗೆ ಏನೂ ಆಗ್ತಿರಲಿಲ್ಲ, ಪ್ಲಗ್ ಇಲ್ಲದ ತೂತು ಒಂದು ತೊಟ್ಟು ಕರೆಂಟನ್ನೂ ಕುಡಿಯಲ್ಲ. ಹೊಸ ಪ್ಯಾನೆಲ್ ಕುಡಿಯುತ್ತೆ. ಆಮೇಲೆ ಮೀಟರ್ ಹಿಡಿದು ಅಳೆದೆ: ಒಂದೊಂದು 20 ಮಿಲಿಆಂಪ್. ಏನೂ ಅಲ್ಲ ಅನ್ನಿಸುತ್ತೆ. ಮೂರಕ್ಕೆ 60, ದಿನಕ್ಕೆ ಸುಮಾರು ಒಂದೂವರೆ ಆಂಪ್-ಅವರ್, 42 ದಿನಕ್ಕೆ ಅರವತ್ತು. ನಮ್ಮದು 100 ಆಂಪ್-ಅವರಿನ ಲೆಡ್ ಆಸಿಡ್ ಬ್ಯಾಟರಿ, ಅರ್ಧಕ್ಕಿಂತ ಕೆಳಗೆ ಇಳಿಸಲೇಬಾರದು. ಉಳಿದದ್ದನ್ನ ಪಂಪು ಪಾಪ ತನ್ನ ಕೈಲಾದಷ್ಟು ದಿನ ಓಡಿ ಮುಗಿಸಿತ್ತು. ಇನ್ನೆರಡು ವಾರ ತಡವಾಗಿದ್ರೆ ಅನ್ನೋ ಲೆಕ್ಕ ನಾನು ಹಾಕಿಲ್ಲ.

ಅವತ್ತು ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿದ ಮೇಲೆ ನಾವು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ್ವಿ. ಗೋಡೆಯ ಹಲಗೆ ಬಿಚ್ಚಿದ್ವಿ.

ಒಳಗೆ 45 ವರ್ಷದ ಇತಿಹಾಸ ಇತ್ತು. ಗುಂಡುಸೂಜಿಗಿಂತ ತುಸು ದಪ್ಪದ ತಾಮ್ರದ ತಂತಿ, ಸುಮಾರು 1.3 ಚದರ ಮಿಲಿಮೀಟರಿನದ್ದು, ಬ್ಯಾಟರಿಯಿಂದ ಸಾಕೆಟ್ಟಿಗೆ ಹೋಗಿ ಬರೋದಕ್ಕೆ 12 ಮೀಟರ್. ಪ್ಲಾಸ್ಟಿಕ್ ಸುಲಿದರೆ ಒಳಗೆ ಹಸಿರುಗಪ್ಪು ಕಿಲುಬು. ನಮ್ಮ ಅಜ್ಜಿಯ ಮನೆಯ ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆಗಳ ಕಥೆಯೇ ಇದು: ಕಲಾಯಿ ಇಲ್ಲದಿದ್ದರೆ ಕಿಲುಬು. ದೋಣಿಗೆ ಅಂತಲೇ ಮಾರೋ ತಂತಿಯ ಒಂದೊಂದು ಎಳೆಗೂ ತವರದ ಕಲಾಯಿ ಹಾಕಿರ್ತಾರೆ, ಉಪ್ಪುಗಾಳಿ ಎಳೆಗಳ ನಡುವೆ ನುಗ್ಗಿ ತಿನ್ನದಿರಲಿ ಅಂತ. ನಮ್ಮದು ಕಲಾಯಿ ಇಲ್ಲದ ಬರೀ ತಾಮ್ರ. ಮಧ್ಯದಲ್ಲಿ ಎರಡು ಕಡೆ ತಂತಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿನ ಅಂಟು ಜೇನಿನ ಹಾಗೆ ಇಳಿದಿತ್ತು, ಒಂದು ಗಂಟಿನ ಸುತ್ತ ಮರ ಕಂದುಗಟ್ಟಿತ್ತು. ಲ್ಯಾಪ್‌ಟಾಪ್ ಎಳೆಯೋ 6 ಆಂಪಿಗೆ ಒಟ್ಟು 1.6 ವೋಲ್ಟ್ ಕಳೆದುಹೋಗ್ತಿತ್ತಲ್ಲ, ಅಂದ್ರೆ ಹತ್ತಿರ ಹತ್ತಿರ 10 ವ್ಯಾಟ್ ಬಿಸಿ. ಅದರಲ್ಲಿ ನಾಲ್ಕೈದು ವ್ಯಾಟ್ ಆ ಕಡಲೆಕಾಳು ಗಾತ್ರದ ಗಂಟುಗಳಲ್ಲೇ. ಅಂಗೈ ಅಗಲದ ಲೋಹದಲ್ಲಿ ಅದು ಬೆಚ್ಚಗೆ ಅಷ್ಟೆ; ಕಡಲೆಕಾಳಿನಲ್ಲಿ ಬೆಂಕಿಯ ಮೊದಲ ಹೆಜ್ಜೆ.

ಫ್ಯೂಸ್ ಹುಡುಕಿದ್ವಿ. ಇರಲಿಲ್ಲ. ಫ್ಯೂಸ್ ಇರೋದು ಫೋನನ್ನ ಕಾಪಾಡೋಕೆ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಅಲ್ಲ, ಅದು ತಂತಿಯನ್ನ ಕಾಪಾಡೋಕೆ. ಆದ್ದರಿಂದ ಅದು ಸಾಕೆಟ್ಟಿನ ಹತ್ತಿರ ಇದ್ದರೆ ಸಾಲದು, ಬ್ಯಾಟರಿಯ ಹತ್ತಿರ ಇರಬೇಕು. ಅಮೆರಿಕದಲ್ಲಿ ದೋಣಿಗಳ ಗುಣಮಟ್ಟದ ನಿಯಮ ಬರೆಯೋ ಎಬಿವೈಸಿ ಸಂಸ್ಥೆಯ ಸಾಮಾನ್ಯ ನಿಯಮ 7 ಇಂಚಿನೊಳಗೆ ಅನ್ನುತ್ತೆ, ಕೆಲವು ವಿನಾಯಿತಿಗಳಿವೆ. ತಂತಿಯಲ್ಲಿ ಎಷ್ಟು ವೋಲ್ಟ್ ಕಳೆದುಕೊಳ್ಳಬಹುದು ಅನ್ನೋದಕ್ಕೂ ಮಿತಿ ಇದೆ: ದಾರಿದೀಪದಂಥ ಜೀವದ ವಿಷಯಗಳಿಗೆ 3 ಪರ್ಸೆಂಟ್, ಉಳಿದವಕ್ಕೆ 10. ನಮ್ಮದು ಹದಿಮೂರು ದಾಟಿತ್ತು. ಬಣ್ಣದ ವಿಷಯವೂ ಒಂದಿದೆ. ನಮ್ಮ ತಂತಿಯಲ್ಲಿ ಮೈನಸ್ಸು ಕಪ್ಪು. ಅಮೆರಿಕದಲ್ಲಿ ದಡದಿಂದ ಬರೋ 120 ವೋಲ್ಟಿನಲ್ಲಿ ಕಪ್ಪು ಅಂದ್ರೆ ಜೀವಂತ ತಂತಿ. ಎರಡೂ ಒಂದೇ ಗೋಡೆಯ ಹಿಂದೆ ಓಡ್ತಿದ್ದರೆ ಗೊಂದಲಕ್ಕೆ ಒಂದು ಜೀವ ಹೋಗಬಹುದು. ಅದಕ್ಕೇ ಈಗ 12 ವೋಲ್ಟಿನ ಮೈನಸ್ಸಿಗೆ ಹಳದಿ ಬಳಸಿ ಅಂತಾರೆ.

ಈಗ ಆ ಪ್ಯಾನೆಲ್ ಬಗ್ಗೆ ನನ್ನ ನಿಜವಾದ ದೂರು. ಅದು ಕೆಟ್ಟ ವಸ್ತು ಅಂತಲ್ಲ, ಅದು ಒಂದು ಗಂಟೆಯಲ್ಲಿ ಮುಗಿಯೋ ಕೆಲಸದ ಹಾಗೆ ನಟಿಸುತ್ತೆ. ಹಳೇ ಸಾಕೆಟ್ಟಿನ ಕೊಳಕು ಮುಖ ನೋಡಿದ್ರೆ, ಇದರ ಹಿಂದೆಯೂ ಕೊಳಕಿರಬಹುದು ಅಂತ ಅನುಮಾನ ಬರ್ತಿತ್ತು. ಹೊಸ ಮುಖ ಆ ಅನುಮಾನವನ್ನೇ ಅಳಿಸಿಹಾಕ್ತು. ನಾವು ಆಫೀಸಿನಲ್ಲಿ ದಿನಾ ಮಾಡೋದೂ ಇದೇ ಅಲ್ವಾ, ಹಳೇ ವ್ಯವಸ್ಥೆ ಮುಟ್ಟೋಕೆ ಹೆದರಿ ಮೇಲೊಂದು ಚೆಂದದ ಪರದೆ ಅಂಟಿಸೋದು. ಅಲ್ಲಿ ಯಾರೂ ಮುಳುಗಲ್ಲ ಅಷ್ಟೆ.

ಎರಡನೇ ದೂರು ಆಯಸ್ಸಿನದು. ಹಳೇ ಸಾಕೆಟ್ ಬರೀ 12 ವೋಲ್ಟ್ ಕೊಟ್ಟು ಕೈತೊಳೆದುಕೊಳ್ಳುತ್ತೆ. ಅದನ್ನ 5 ಮಾಡೋದೋ 20 ಮಾಡೋದೋ ನಾವು ತರೋ ಅಡಾಪ್ಟರಿಗೆ ಬಿಟ್ಟದ್ದು. ಅಡಾಪ್ಟರ್ ಹಳತಾದ್ರೆ ಎಸೆದು ಇನ್ನೊಂದು ತರಬಹುದು, ಗೋಡೆ ಮುಟ್ಟಬೇಕಾಗಿಲ್ಲ. ಪ್ಯಾನೆಲ್ ಆ ಅಡಾಪ್ಟರನ್ನೇ ಗೋಡೆಯೊಳಗೆ ಹೂತಿಡುತ್ತೆ. ಯುಎಸ್‌ಬಿಯ ಚರಿತ್ರೆ ನೋಡಿ: 1996ರಲ್ಲಿ ಬಂದಾಗ ಎರಡೂವರೆ ವ್ಯಾಟ್. 2014ರಲ್ಲಿ ಸಿ-ಆಕಾರ. ಈಗ ಚಾರ್ಜರು ಮತ್ತು ಸಾಧನ ಪರಸ್ಪರ ಮಾತಾಡಿಕೊಂಡು 5, 9, 15, 20 ವೋಲ್ಟಿನಲ್ಲಿ ಒಂದನ್ನ ಒಪ್ಪಿಕೊಳ್ತವೆ, 100 ವ್ಯಾಟಿನವರೆಗೆ. 2021ರ ನಿಯಮದಲ್ಲಿ ಅದು 240ಕ್ಕೆ ಏರಿದೆ. 2.1 ಆಂಪ್ ಅಂತ ಹೆಮ್ಮೆಯಿಂದ ಬರೆದುಕೊಂಡಿದ್ದ ನಮ್ಮ ಪ್ಯಾನೆಲ್ ಈ ಮಾತುಕತೆಯಲ್ಲಿ ಕಿವುಡ.

ಇದಕ್ಕೆ ನನ್ನ ಗೆಳೆಯನ ವಾದ ಬೇರೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಯುಎಸ್‌ಬಿ-ಸಿ ಕಡ್ಡಾಯ, ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28ರಿಂದ. ಕಾನೂನೇ ಬಂದ ಮೇಲೆ ಆ ಆಕಾರ ಎಲ್ಲಿಗೂ ಹೋಗಲ್ಲ, ಇನ್ನು ಗೋಡೆಯಲ್ಲಿ ಹಾಕಿದರೆ ತಪ್ಪೇನು ಅಂತ ಅವನ ಪ್ರಶ್ನೆ. ಅರ್ಧ ಒಪ್ಪುತ್ತೀನಿ. ಆಕಾರ ಉಳಿಯುತ್ತೆ. ಆದರೆ ಅದರ ಹಿಂದಿನ ಸರ್ಕ್ಯೂಟು ಗಾಳಿಯಾಡದ ಗೋಡೆಯೊಳಗೆ, ಉಪ್ಪಿನ ತೇವದಲ್ಲಿ, 60 ವ್ಯಾಟ್ ಕೊಡುವಾಗ ತಾನೇ ಆರೇಳು ವ್ಯಾಟ್ ಬಿಸಿ ಉಗುಳ್ತಾ ಎಷ್ಟು ವರ್ಷ ಬದುಕುತ್ತೆ? ದೋಣಿಯ ಫೈಬರ್‌ಗ್ಲಾಸ್ ಮೈ ಮಾತ್ರ ಐವತ್ತು ವರ್ಷದ ಹತ್ತಿರ ಬಂದರೂ ಗಟ್ಟಿಯಾಗಿದೆ.

ಜಗಳ ಮುಗಿದದ್ದು ಹೀಗೆ. ಎರಡು ಶನಿವಾರ, ಒಂದು ಭಾನುವಾರ ಹಿಡೀತು. ಬ್ಯಾಟರಿಯಿಂದ ಹೊಸದಾಗಿ 5 ಚದರ ಮಿಲಿಮೀಟರ್ ದಾಟಿದ, ಕಲಾಯಿ ಹಾಕಿದ ತಂತಿ, ಕೆಂಪು ಮತ್ತು ಹಳದಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಆಮೇಲೆ ಎಲ್ಲದಕ್ಕೂ ಸೇರಿ ಒಂದು ಸ್ವಿಚ್ಚು. ಮಧ್ಯೆ ಗಂಟುಗಳಿಲ್ಲ. ಮೂರು ಜಾಗಗಳಲ್ಲಿ ಎರಡಕ್ಕೆ ಮತ್ತೆ ಅದೇ ಸಿಗರೇಟ್ ತೂತು, ಆದ್ರೆ ದೋಣಿಗೆ ಅಂತ ಮಾಡಿದ, ಪ್ಲಗ್ಗನ್ನ ತಿರುಗಿಸಿ ಬಿಗಿಯೋ ಥರದ್ದು. ಸಾಧಾರಣ ಪ್ಲಗ್ಗೂ ಅದರಲ್ಲಿ ಕೂರುತ್ತೆ, ತನ್ನದೇ ಪ್ಲಗ್ ಹಾಕಿದ್ರೆ ಮಾತ್ರ ಬೀಗ ಬೀಳುತ್ತೆ. ನಕ್ಷೆಯ ಮೇಜಿನ ಹತ್ತಿರ ಒಂದೇ ಒಂದು ಯುಎಸ್‌ಬಿ-ಸಿ, ರೇಡಿಯೋ ಪರೀಕ್ಷೆಯಲ್ಲಿ ಪಾಸಾದದ್ದು. ಅದರ ಹಿಂದೆ ಒಂದು ಮೊಳ ತಂತಿ ಸುತ್ತಿ ಬಿಟ್ಟಿದೀವಿ, ಕೆಟ್ಟರೆ ಎರಡು ಕ್ಲಿಪ್ ಕಿತ್ತು ಹತ್ತು ನಿಮಿಷದಲ್ಲಿ ಬದಲಾಯಿಸೋ ಹಾಗೆ. ಅದಕ್ಕೆ ಪರದೆ ಇಲ್ಲ, ದೀಪ ಇಲ್ಲ. ಲ್ಯಾಪ್‌ಟಾಪ್ ಹಾಕಿ ಮೀಟರಿನಲ್ಲಿ ಅಳೆದೆ. ಬ್ಯಾಟರಿಯಲ್ಲಿ 12.5, ಸಾಕೆಟ್ಟಿನಲ್ಲಿ 12.2.

ಕತ್ತಲಾದ ಮೇಲೆ ಕ್ಯಾಬಿನ್ ಈಗ ಸಾದಾ ಕತ್ತಲೆ. ಮೊನ್ನೆ ಬೋಟಿಗೆ ಬಂದ ಗೆಳೆಯನ ಹೆಂಡತಿ ಸುತ್ತ ನೋಡಿ, “ಅಲ್ಲ, ಮೂರು ದಿನ ಕೂತು ಎಂತ ಮಾಡಿದ್ರಿ ನೀವು? ಮೊದಲಿದ್ದ ಹಾಗೆಯೇ ಉಂಟಲ್ಲ?” ಅಂತ ಕೇಳಿದರು. ಅವನು ಗೋಡೆಯ ಹಲಗೆಯ ಸ್ಕ್ರೂ ಬಿಚ್ಚೋಕೆ ಹೊರಟ, ತೋರಿಸೋಕೆ. ಊಟಕ್ಕೆ ತಡವಾಗುತ್ತೆ ಅಂತ ನಾನೇ ತಡೆದೆ.